ವಾಲಿ, ಸುಗ್ರೀವ ಮತ್ತು ನಾಲ್ಕು ಹಾರ್ಡ್ ಡಿಸ್ಕುಗಳು

"ಈ ಸಲದ ಸಂಚಿಕೆಗೆ ನೀವು ಬರೆಯಲೇಬೇಕು. ಆದರೆ ದಯವಿಟ್ಟು ನಿಮ್ಮ ಊರು, ತೋಟ, ಬಾಲ್ಯ ಯಾವುದೂ ಬೇಡ. ಅದನ್ನೆಲ್ಲ ನಾವೇ ಬರೆದುಕೊಂಡು ನಾವೇ ಓದಿಕೊಳ್ಳುತ್ತಿದ್ದೇವೆ. ಮಕ್ಕಳು ಓದುವಂಥದ್ದು ಬೇಕು" ಎಂದು ಸಂಪಾದಕರು ಫೋನಿನಲ್ಲಿ ಹೇಳಿದಾಗ ನಾನು ಪೇಚಿಗೆ ಸಿಕ್ಕಿದೆ. ಊರು, ತೋಟ ಬಿಟ್ಟರೆ ನನಗೆ ಗೊತ್ತಿರುವುದು ಕಂಪ್ಯೂಟರ್ ಒಂದೇ. ಅದರಲ್ಲೂ ನಾನು ಮಾಡಿಕೊಂಡ ಎಡವಟ್ಟುಗಳೇ ಹೆಚ್ಚು. ಹಾಗಾಗಿ, ಅಹಮದಾಬಾದ್, ವಡೋದರಾ, ಸೂರತ್ತುಗಳಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಕಾಲೇಜಿನಲ್ಲಿ ಇಂಗ್ಲಿಷು ಆಡುವ ನಮ್ಮ ಎಳೆಯ ಗೆಳೆಯರಿಗಾಗಿ ಕಳೆದ ವರ್ಷ ನಾನು ಮಾಡಿದ ಒಂದು ಎಡವಟ್ಟಿನ ಕತೆಯನ್ನೇ ಹೇಳುತ್ತೇನೆ. ಇದರಲ್ಲಿ ರಾಮಾಯಣವೂ ಬರುತ್ತದೆ, ಭಯ ಬೇಡ, ಸ್ವಲ್ಪವೇ.

ನಮ್ಮ ಸಂಘದ ಹಳೆಯ ಫೋಟೋಗಳು, ನಾಟಕಗಳ ವಿಡಿಯೋ, ತಾಳಮದ್ದಳೆಯ ಕ್ಯಾಸೆಟ್ಟುಗಳು ಇವೆಲ್ಲ ಬಹಳ ವರ್ಷ ಒಬ್ಬೊಬ್ಬರ ಮನೆಯ ಅಟ್ಟದಲ್ಲಿ ಒಂದೊಂದು ಪೆಟ್ಟಿಗೆಯಲ್ಲಿದ್ದವು. 2001ರ ಜನವರಿ 26ರ ಬೆಳಿಗ್ಗೆ ಭೂಮಿ ನಡುಗಿದಾಗ ಅಹಮದಾಬಾದಿನಲ್ಲಿ ಎಷ್ಟು ಕಟ್ಟಡಗಳು ಕುಸಿದವು ಎಂಬುದನ್ನು ನಿಮ್ಮ ಅಪ್ಪ ಅಮ್ಮನ ಬಾಯಲ್ಲಿ ಕೇಳಿರುತ್ತೀರಿ. ಆಗ ಮೈಮೇಲಿನ ಬಟ್ಟೆಯಲ್ಲಿ ಕೆಳಗೆ ಓಡಿದವರಿಗೆ ಪೆಟ್ಟಿಗೆಯ ನೆನಪೆಲ್ಲಿಂದ ಬರಬೇಕು? 2006ರ ಆಗಸ್ಟಿನಲ್ಲಿ ಉಕಾಯ್ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯಲ್ಲಿ ಉಕ್ಕಿ ಸೂರತ್ತನ್ನು ಮುಳುಗಿಸಿತು. ಅಡಾಜಣಿನಲ್ಲಿ ನೆಲಮಾಳಿಗೆಯ ಮನೆಯಲ್ಲಿದ್ದ ನಮ್ಮ ರಾಯರು ಹೆಂಡತಿ ಮಕ್ಕಳೊಡನೆ ಮೇಲಿನ ಮನೆಯವರ ಹಜಾರದಲ್ಲಿ ದಿನ ಕಳೆದು, ನೀರು ಇಳಿದ ಮೇಲೆ ಕೆಳಗೆ ಬಂದು ನೋಡಿದರೆ ಮದುವೆಯ ಆಲ್ಬಮ್ಮು ಕೆಸರಿನ ಇಟ್ಟಿಗೆಯಾಗಿತ್ತಂತೆ. "ಹೆಂಡತಿ ಇದ್ದಾಳಲ್ಲ, ಮದುವೆ ಆಗಿದೆ ಅನ್ನೋದಕ್ಕೆ ಅಷ್ಟು ಸಾಕ್ಷಿ ಸಾಕು" ಎಂದು ಅವರು ಈಗ ನಗುತ್ತಾರೆ. ಆಗ ನಕ್ಕಿರಲಿಲ್ಲ.

ಈ ಎರಡು ಪಾಠ ಕಲಿತ ಮೇಲೂ ನಮಗೆ ಬುದ್ಧಿ ಬರಲು ಇನ್ನೂ ಹದಿನೈದು ವರ್ಷ ಬೇಕಾಯಿತು. ಕೊನೆಗೆ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ನನ್ನ ಮನೆಯಲ್ಲಿ ಇಟ್ಟೆವು. ರಿಲೀಫ್ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಎರಡು ಡಿಸ್ಕು, ಒಂದೊಂದೂ ಎರಡು ಟೆರಾಬೈಟಿನದು. ಎರಡನ್ನೂ ಸೇರಿಸಿ ಒಂದೇ ಫೈಲ್ ಸಿಸ್ಟಮ್ ಮಾಡಿದೆ. ಬರೆದದ್ದೆಲ್ಲ ಎರಡರಲ್ಲೂ ಬೀಳುತ್ತದೆ. ಒಂದು ಸತ್ತರೆ ಇನ್ನೊಂದು ಉಳಿಯುತ್ತದೆ. ಲಿನಕ್ಸಿನಲ್ಲಿ ಇದಕ್ಕೆ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇದೆ. ಒರಾಕಲ್ ಕಂಪೆನಿಯಲ್ಲಿ 2007ರಲ್ಲಿ ಶುರುವಾಗಿ 2009ರಲ್ಲಿ ಲಿನಕ್ಸಿನೊಳಗೆ ಸೇರಿತು. ಬಳಸುವವರು ಬಾಯಿಮಾತಿನಲ್ಲಿ 'ಬಟರ್ ಎಫ್‌ಎಸ್' ಎನ್ನುತ್ತಾರೆ. ಬೆಣ್ಣೆದೋಸೆಯ ನಾಡಿನವರಿಗೆ ಹೆಸರು ಮರೆಯುವ ಪ್ರಶ್ನೆಯೇ ಇಲ್ಲ.

ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ರಾಯರು, "ಎಲ್ಲ ಅಹಮದಾಬಾದಿನಲ್ಲೇ ಯಾಕೆ? ಸೂರತ್ತಿನಲ್ಲೂ ಒಂದು ಪ್ರತಿ ಇರಲಿ. ನದಿ ಬಂದರೆ ನಿಮ್ಮಲ್ಲಿ ಉಳಿಯುತ್ತೆ, ಭೂಕಂಪ ಆದರೆ ನಮ್ಮಲ್ಲಿ" ಎಂದರು. ಮಾತು ಸರಿಯಾಗಿಯೇ ಇತ್ತು. ನಾನು ಮಾಡಿದ್ದು ಸರಿಯಿರಲಿಲ್ಲ.

ಸರಿಯಾದ ಕ್ರಮವೆಂದರೆ, ಸೂರತ್ತಿಗೆಂದು ಹೊಸ ಡಿಸ್ಕಿನಲ್ಲಿ ಹೊಸದಾಗಿ ಫೈಲ್ ಸಿಸ್ಟಮ್ ಮಾಡಿ ಅದರೊಳಕ್ಕೆ ಫೈಲುಗಳನ್ನು ನಕಲು ಮಾಡುವುದು. ನನಗೆ ಸೋಮಾರಿತನ. 'ಡಿಡಿ' ಎಂಬ ಹಳೆಯ ಲಿನಕ್ಸ್ ಆಜ್ಞೆಯೊಂದಿದೆ. ಅದಕ್ಕೆ ಫೈಲು, ಫೋಟೋ ಇವೆಲ್ಲ ಏನೂ ತಿಳಿಯದು. ಒಂದು ಡಿಸ್ಕಿನ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಇದ್ದದ್ದು ಇದ್ದಂತೆ ಇನ್ನೊಂದಕ್ಕೆ ಇಳಿಸುತ್ತದೆ. ರಾತ್ರಿ ಹಚ್ಚಿ ಮಲಗಿದರೆ ಒಂದೊಂದಕ್ಕೆ ನಾಲ್ಕು ಗಂಟೆಯಂತೆ ಬೆಳಗಾಗುವಷ್ಟರಲ್ಲಿ ಎರಡು ಡಿಸ್ಕಿಗೆ ಎರಡು ತದ್ರೂಪು ಸಿದ್ಧ. ಇಷ್ಟು ವರ್ಷ ಗುಜರಾತಿನ ನೀರು ಕುಡಿದು ನಾನು ಚೆನ್ನಾಗಿ ಕಲಿತ ಒಂದೇ ಗುಜರಾತಿ ಪದ 'ಚಾಲ್ಶೆ'. ನಡೆಯುತ್ತೆ ಬಿಡಿ ಎಂದು ಅರ್ಥ. ಚಾಲ್ಶೆ ಎಂದುಕೊಂಡು ಎರಡು ಡಿಸ್ಕನ್ನೂ ಟವೆಲಿನಲ್ಲಿ ಸುತ್ತಿ, ಮುಂಜಾನೆಯ ಕರ್ಣಾವತಿ ಎಕ್ಸ್‌ಪ್ರೆಸ್ ಹಿಡಿದು ಸೂರತ್ತಿಗೆ ಹೋಗಿ ರಾಯರ ಕಂಪ್ಯೂಟರಿಗೆ ಕೂಡಿಸಿ, ಮಧ್ಯಾಹ್ನ ಅವರ ಮನೆಯ ಹುಳಿ ಅನ್ನ ಉಂಡು ವಾಪಸು ಬಂದೆ.

ಏಳೆಂಟು ತಿಂಗಳು ಕಳೆಯಿತು. ರಾಯರು ತಮ್ಮ ಕಡೆಯ ರಾಜ್ಯೋತ್ಸವದ ಫೋಟೋಗಳನ್ನು ತಮ್ಮ ಡಿಸ್ಕಿಗೆ ತುಂಬಿದರು. ನಾನು ನನ್ನ ಕಡೆ ಹಳೆಯ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಇಳಿಸುತ್ತಾ ಹೋದೆ. ಅದರಲ್ಲೊಂದು ತೊಂಬತ್ತರ ದಶಕದ ತಾಳಮದ್ದಳೆ, 'ವಾಲಿ ವಧೆ'. ವಾಲಿಯ ಅರ್ಥ ಹೇಳಿದವರು ನಮ್ಮ ಭಟ್ಟರು. ಅವರು ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವರ ದನಿ ಬೇರೆಲ್ಲೂ ಇಲ್ಲ. ಮಳೆಗಾಲದ ಬೂಷ್ಟು ಹಿಡಿದಿದ್ದ ಆ ಕ್ಯಾಸೆಟ್ಟು ಪೂರ್ತಿ ಇಳಿಯುವವರೆಗೆ ಹೇಗೋ ತಡೆದುಕೊಂಡಿತ್ತು. ಕೊನೆಯಲ್ಲಿ ಹಿಂದಕ್ಕೆ ಸುತ್ತುವಾಗ ಟೇಪು ತುಂಡಾಗಿ ಒಳಗೇ ಮುದ್ದೆಯಾಯಿತು. ಇರಲಿ, ಎರಡು ಡಿಸ್ಕಿನಲ್ಲಿ ಇದೆಯಲ್ಲ, ಎಂದು ಎಸೆದುಬಿಟ್ಟೆ.

ದೀಪಾವಳಿಗೆ ರಾಯರು ಅಹಮದಾಬಾದಿಗೆ ಬಂದಾಗ ತಮ್ಮ ಎರಡೂ ಡಿಸ್ಕು ತಂದರು. ಅವರದ್ದು ನನ್ನಲ್ಲಿಗೆ, ನನ್ನದು ಅವರಲ್ಲಿಗೆ ನಕಲು ಮಾಡಿಕೊಳ್ಳೋಣ ಎಂದು. ಒಂದರಿಂದ ಒಂದಕ್ಕೆ ನಕಲಾಗಬೇಕಾದರೆ ಎಲ್ಲವೂ ಒಟ್ಟಿಗೆ ಇರಬೇಕಲ್ಲ? ಅವರ ಎರಡನ್ನು ಯುಎಸ್‌ಬಿ ಪೆಟ್ಟಿಗೆಯೊಂದಕ್ಕೆ ಸಿಕ್ಕಿಸಿ, ನನ್ನ ಕಂಪ್ಯೂಟರಿಗೆ ಜೋಡಿಸಿ, ಸ್ವಿಚ್ ಹಾಕಿದೆ. ಎರಡು ಮತ್ತು ಎರಡು, ನಾಲ್ಕು ಡಿಸ್ಕು. ಎರಡು ಸಂಗ್ರಹ ಕಾಣಿಸುತ್ತದೆ ಎಂದು ನನ್ನ ಲೆಕ್ಕ. ಕಾಣಿಸಿದ್ದು ಒಂದೇ. ತೆರೆದು ನೋಡಿದರೆ ಸೂರತ್ತಿನ ರಾಜ್ಯೋತ್ಸವ ಇದೆ, ನನ್ನ 'ವಾಲಿ ವಧೆ' ಇಲ್ಲ.

ಎದೆ ಧಸಕ್ಕೆಂದಿತು. ಮೊದಲು ಬಂದ ಯೋಚನೆ, ನಾನೇ ಯಾವಾಗಲೋ ಅಳಿಸಿಬಿಟ್ಟಿರಬೇಕು. ಇನ್ನೂ ನಾಲ್ಕು ಫೋಲ್ಡರು ತೆರೆದೆ, ಹುಡುಕಿದೆ, ಹೊಸ ಫೋಲ್ಡರೊಂದನ್ನು ಮಾಡಿಯೂ ನೋಡಿದೆ. ಲಾಗಿನಲ್ಲಿ ಸಾಲು ಸಾಲು ದೂರು: ಇಷ್ಟನೇ ತಲೆಮಾರು ಬೇಕಿತ್ತು, ಇಷ್ಟನೆಯದು ಸಿಕ್ಕಿತು, ಓದುವಾಗ ತಪ್ಪಿತ್ತು, ತಿದ್ದಲಾಗಿದೆ. 'ತಿದ್ದಲಾಗಿದೆ' ಎಂಬುದನ್ನು ಓದಿ ನನಗೆ ಸಮಾಧಾನವಾಯಿತು ನೋಡಿ. ಅಷ್ಟು ದಡ್ಡ ನಾನು.

ಅಷ್ಟರಲ್ಲಿ ವಡೋದರಾದಿಂದ ಫೋನು. ಭಟ್ಟರ ಮೊಮ್ಮಗಳು. ಅಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಓದುತ್ತಿದ್ದಾಳೆ. "ಮಾಮ, ಅಜ್ಜನ ಕ್ಯಾಸೆಟ್ ಇಳಿಸಿದ್ದೀರಂತೆ, ನಂಗೆ ಕಳಿಸ್ತೀರಾ?" ಎಂದಳು. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. ನಡೆದದ್ದನ್ನು ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಮಾಮ, ನಾಲ್ಕೂ ಡಿಸ್ಕಿಗೆ ಒಂದೇ ಯುಯುಐಡಿ ಅಲ್ವಾ? ಮೊದಲು ಆಫ್ ಮಾಡಿ. ಏನೂ ತೆರೀಬೇಡಿ, ನೋಡ್ಲೂಬೇಡಿ. ಆಫ್ ಮಾಡಿ" ಎಂದಳು. ಅಜ್ಜನ ಗತ್ತೇ ಬಂದಿದೆ. ಆಫ್ ಮಾಡಿದೆ.

ಏನಾಗಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದೇ ಸಂಗ್ರಹವನ್ನು ಹಲವು ಡಿಸ್ಕುಗಳ ಮೇಲೆ ಹರಡಿದಾಗ, ಕಂಪ್ಯೂಟರ್ ಶುರುವಾದ ಕೂಡಲೇ ಯಾವ ಯಾವ ಡಿಸ್ಕು ಒಂದು ಕುಟುಂಬದ್ದು ಎಂದು ಕಂಡುಹಿಡಿದು ಕೂಡಿಸಬೇಕು. ಯಾವ ತಂತಿಗೆ ಯಾವುದು ಸಿಕ್ಕಿಸಿದೆ ಎಂಬುದನ್ನು ನಂಬುವಂತಿಲ್ಲ. ಇವತ್ತು ಮೊದಲು ಎಚ್ಚೆತ್ತದ್ದು ನಾಳೆ ಎರಡನೆಯದಾಗಿ ಏಳಬಹುದು. ಆದ್ದರಿಂದ ಪ್ರತಿ ಡಿಸ್ಕಿನ ಮೇಲೂ ಒಂದು ಪರಿಚಯಪತ್ರ ಬರೆದಿರುತ್ತದೆ. ಅದಕ್ಕೆ ಸೂಪರ್‌ಬ್ಲಾಕ್ ಎಂದು ಹೆಸರು. ಬಿಟಿಆರ್‌ಎಫ್‌ಎಸ್‌ನಲ್ಲಿ ಅದು ಆರಂಭದಿಂದ 64 ಕಿಲೋಬೈಟ್ ದೂರದಲ್ಲಿರುತ್ತದೆ. ಕೆಟ್ಟರೆ ಇರಲಿ ಎಂದು 64 ಮೆಗಾಬೈಟಿನಲ್ಲೊಂದು, ಡಿಸ್ಕು ದೊಡ್ಡದಾಗಿದ್ದರೆ 256 ಗಿಗಾಬೈಟಿನಲ್ಲೊಂದು ಪ್ರತಿ. ಅದರಲ್ಲಿ ಕುಟುಂಬದ ಗುರುತು ಇದೆ, 128 ಬಿಟ್ಟಿನ ಸಂಖ್ಯೆ. ನಮ್ಮಲ್ಲಿ ಗೋತ್ರ ಕೇಳುತ್ತಾರಲ್ಲ, ಹಾಗೆ. ಕುಟುಂಬದಲ್ಲಿ ಎಷ್ಟು ಜನ, ನಾನು ಎಷ್ಟನೆಯವನು, ನನ್ನ ಸ್ವಂತ ಗುರುತು ಯಾವುದು ಎಂಬುದೂ ಇದೆ. ಇನ್ನೊಂದು ತಲೆಮಾರಿನ ಸಂಖ್ಯೆ, ಅಂದರೆ ಜನರೇಶನ್. ಬದಲಾವಣೆಗಳ ಕಂತೊಂದನ್ನು ಡಿಸ್ಕಿಗೆ ಬರೆದು ಮುಗಿಸಿದಾಗಲೆಲ್ಲ ಅದು ಒಂದು ಹೆಚ್ಚುತ್ತದೆ.

128 ಬಿಟ್ಟಿನ ಗುರುತು ಎರಡು ಕಡೆ ಆಕಸ್ಮಿಕವಾಗಿ ಒಂದೇ ಆಗುವುದು ಅಸಾಧ್ಯವೆಂದೇ ಹೇಳಬೇಕು. ಈ ಏರ್ಪಾಡೆಲ್ಲ ನಿಂತಿರುವುದೂ ಆ ನಂಬಿಕೆಯ ಮೇಲೇ. ಆದರೆ ನಾನು 'ಡಿಡಿ' ಹೊಡೆದಾಗ ಪರಿಚಯಪತ್ರವೂ ಅಕ್ಷರ ಬಿಡದೆ ನಕಲಾಯಿತು. ಗೋತ್ರ ಒಂದೇ, ಹೆಸರು ಒಂದೇ, ನಾನೇ ಮೊದಲನೆಯವನು ಎನ್ನುವವರು ಇಬ್ಬರು, ನಾನೇ ಎರಡನೆಯವನು ಎನ್ನುವವರು ಇಬ್ಬರು.

ಇಲ್ಲಿ ರಾಮಾಯಣ. ಸುಗ್ರೀವ ರಾಮನನ್ನು ನಂಬಿ ವಾಲಿಯ ಮೇಲೆ ಯುದ್ಧಕ್ಕೆ ಹೋದ. ರಾಮ ಮರದ ಮರೆಯಲ್ಲಿ ಬಿಲ್ಲು ಹಿಡಿದು ನಿಂತ. ಬಾಣ ಬಿಡಲಿಲ್ಲ. ಸುಗ್ರೀವ ಏಟು ತಿಂದು ಋಷ್ಯಮೂಕಕ್ಕೆ ಓಡಿಬಂದು ಗೋಳಾಡಿದ. ಅಣ್ಣತಮ್ಮಂದಿರು ರೂಪದಲ್ಲಿ, ನಡಿಗೆಯಲ್ಲಿ, ದನಿಯಲ್ಲಿ ಒಂದೇ ತೆರ, ಯಾರು ಯಾರೆಂದು ತಿಳಿಯದೆ ಬಾಣ ಬಿಟ್ಟು ನಿನ್ನನ್ನೇ ಕೊಂದಿದ್ದರೆ? ಎಂಬುದು ರಾಮನ ಸಮಾಧಾನ. ಆಮೇಲೆ ಲಕ್ಷ್ಮಣ ಗಜಪುಷ್ಪಿ ಎಂಬ ಹೂಬಳ್ಳಿಯನ್ನು ಕಿತ್ತು ಸುಗ್ರೀವನ ಕೊರಳಿಗೆ ಹಾಕಿದ. ಎರಡನೆಯ ಸಲ ಗುರಿ ತಪ್ಪಲಿಲ್ಲ.

ನನ್ನ ಕಂಪ್ಯೂಟರ್ ಆ ದಿನ ರಾಮನಂತೆ ಕಾಯಲಿಲ್ಲ. ನನ್ನ ಎರಡು ಡಿಸ್ಕು ಮೊದಲು ಎದ್ದವು, ಹೆಸರು ಬರೆಸಿದವು. ಆಮೇಲೆ ಯುಎಸ್‌ಬಿ ಪೆಟ್ಟಿಗೆಯಿಂದ ಸೂರತ್ತಿನ ಮೊದಲನೆಯ ಡಿಸ್ಕು ಎದ್ದಿತು. ಅದರ ತಲೆಮಾರಿನ ಸಂಖ್ಯೆ ನನ್ನದಕ್ಕಿಂತ ದೊಡ್ಡದು. ಓಹೋ, ಮೊದಲನೆಯವನ ಹೊಸ ವಿಳಾಸ ಇದು ಎಂದು ಲಿನಕ್ಸು ನನ್ನ ಮೊದಲನೆಯ ಡಿಸ್ಕನ್ನು ಪಟ್ಟಿಯಿಂದ ಕೈಬಿಟ್ಟು ಸೂರತ್ತಿನದನ್ನು ಸೇರಿಸಿಕೊಂಡಿತು. ಸೂರತ್ತಿನ ಎರಡನೆಯದು ಏಳುವುದು ತಡವಾಯಿತು. ಅಷ್ಟರಲ್ಲಿ ಸಂಗ್ರಹ ತೆರೆದಾಗಿತ್ತು. ಆಮೇಲೆ ಬಂದದ್ದನ್ನು ತದ್ರೂಪು ಎಂದು ಗುರುತಿಸಿ ಹೊರಗಿಟ್ಟಿತು. ಅಲ್ಲಿಗೆ ಸೂರತ್ತಿನ ಒಂದು, ಅಹಮದಾಬಾದಿನ ಒಂದು, ಎರಡು ಸೇರಿ ಒಂದು ಸಂಸಾರ. ಸೂರತ್ತಿನದು ದೊಡ್ಡ ಸಂಖ್ಯೆಯದಾದ್ದರಿಂದ ಅದು ಹೇಳಿದ್ದೇ ಸತ್ಯ. ನನ್ನ ಎರಡನೆಯ ಡಿಸ್ಕಿನಲ್ಲಿ ಬೇರೆ ಏನಿದ್ದರೂ ಅದು ತಪ್ಪು, ತಪ್ಪನ್ನು ತಿದ್ದಬೇಕು. ಕನ್ನಡಿ ಜೋಡಿ ಮಾಡುವ ಒಳ್ಳೆಯ ಕೆಲಸವೇ ಅದು. ಒಂದು ಪ್ರತಿ ಕೆಟ್ಟಿದ್ದರೆ ಇನ್ನೊಂದರಿಂದ ಸರಿಪಡಿಸುವುದು. ನಾನು ಹುಡುಕಲು ಒಂದೊಂದು ಫೋಲ್ಡರು ತೆರೆದಾಗಲೂ ನನ್ನ ಡಿಸ್ಕಿನ ಮೇಲೆ ಸೂರತ್ತಿನದು ಬರೆದುಕೊಳ್ಳುತ್ತಿತ್ತು. ಹೊಸ ಫೋಲ್ಡರು ಮಾಡಿದೆನಲ್ಲ, ಅದು ಇನ್ನೂ ಕೆಟ್ಟ ಕೆಲಸ. ಸೂರತ್ತಿನ ಲೆಕ್ಕದಲ್ಲಿ ಖಾಲಿ ಇದ್ದ ಜಾಗ ನನ್ನ ಡಿಸ್ಕಿನಲ್ಲಿ ಖಾಲಿ ಇರಲಿಲ್ಲ. ಅಲ್ಲಿ ಭಟ್ಟರು ಇದ್ದಿರಬಹುದು.

ಸೂರತ್ತಿನ ಸಂಖ್ಯೆ ಯಾಕೆ ದೊಡ್ಡದಾಯಿತು ಎಂಬುದು ಕೇಳಲು ತಮಾಷೆಯಾಗಿದೆ. ರಾಯರು ಹೆಚ್ಚು ಸೇರಿಸಿದ್ದರೆಂದಲ್ಲ. ನಿವೃತ್ತರಾದ ಮೇಲೆ ಅವರಿಗೆ ದಿನವೂ ಊಟವಾದ ಮೇಲೆ ಹಳೆಯ ಫೋಟೋ ನೋಡುವ ಅಭ್ಯಾಸ. ಫೈಲನ್ನು ಓದಿದರೆ ಓದಿದ ಹೊತ್ತನ್ನೂ ಕಂಪ್ಯೂಟರ್ ಬರೆದಿಡುತ್ತದೆ, ಬರೆದರೆ ತಲೆಮಾರು ಏರುತ್ತದೆ. ಸುಮ್ಮನೆ ನೋಡಿದ್ದರಿಂದಲೇ ಅವರ ಡಿಸ್ಕು ನನ್ನದಕ್ಕಿಂತ 'ಹಿರಿಯ'ನಾಯಿತು. ಈ ಸಂಖ್ಯೆ ಬರಿಯ ಎಣಿಕೆ, ಇತಿಹಾಸವಲ್ಲ. ಒಂದೇ ಮನೆಯಿಂದ ಹೊರಟು ಎರಡು ಊರಲ್ಲಿ ಬೇರೆ ಬೇರೆ ಬದುಕಿದ ಇಬ್ಬರಲ್ಲಿ ಯಾರ ಎಣಿಕೆ ದೊಡ್ಡದು ಎಂದು ನೋಡಿ ಇನ್ನೊಬ್ಬನ ಬದುಕನ್ನು ಸುಳ್ಳೆನ್ನಲು ಬರುತ್ತದೆಯೇ? ಇದನ್ನು ಸಂಖ್ಯೆಯಿಂದ ತೀರ್ಮಾನಿಸಲಾಗದು, ಗುರುತು ಬೇರೆ ಇದ್ದರೆ ಮಾತ್ರ ಸಾಧ್ಯ.

ಇನ್ನು ಬಿಡುಗಡೆಯ ಕತೆ. ಭಟ್ಟರ ಮೊಮ್ಮಗಳು ಮರುದಿನವೇ ವಡೋದರಾದಿಂದ ಬಂದಳು. ಕಾಫಿ ಕೂಡ ಕುಡಿಯದೆ ನಾಲ್ಕೂ ಡಿಸ್ಕನ್ನು ಹೊರಗೆ ತೆಗೆದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟಳು. ನೋಡಲು ನಾಲ್ಕೂ ಒಂದೇ. ಆದರೆ ಕಾರ್ಖಾನೆಯಲ್ಲಿ ಪ್ರತಿ ಡಿಸ್ಕಿನ ಯಂತ್ರಕ್ಕೇ ಒಂದು ಸೀರಿಯಲ್ ನಂಬರು ಕೊಟ್ಟಿರುತ್ತಾರೆ. ಮೇಲಿನ ಚೀಟಿಯಲ್ಲೂ ಅಚ್ಚಾಗಿರುತ್ತದೆ. 'ಡಿಡಿ' ಅದನ್ನು ನಕಲು ಮಾಡಲಾರದು. ಸ್ವಯಂವರದಲ್ಲಿ ಐವರು ನಳರು ಬಂದು ಕೂತಾಗ ದಮಯಂತಿ ಮುಖ ನೋಡದೆ, ಯಾರ ಕಾಲು ನೆಲಕ್ಕೆ ತಾಗಿದೆ, ಯಾರಿಗೆ ನೆರಳಿದೆ ಎಂದು ನೋಡಿದಳಲ್ಲ, ಅಂಥ ಗುರುತು. ನನ್ನ ಪುಣ್ಯಕ್ಕೆ ರಿಲೀಫ್ ರೋಡಿನ ಅಂಗಡಿಯವನು ಬಿಲ್ಲಿನಲ್ಲಿ ಆ ನಂಬರು ಬರೆದಿದ್ದ, ನನ್ನ ಹೆಂಡತಿ ಬಿಲ್ಲು ಎಸೆದಿರಲಿಲ್ಲ.

"ಮಾಮ, ನಿಮ್ಮ ಮೊದಲನೇ ಡಿಸ್ಕನ್ನು ಪಟ್ಟಿಯಿಂದ ಬಿಟ್ಟಿತ್ತು ಅಂದ್ರೆ ಅದನ್ನು ಯಾರೂ ಮುಟ್ಟಿಲ್ಲ. ರಾಯರ ಎರಡನೇದನ್ನೂ ಒಳಗೆ ಸೇರಿಸಿಕೊಂಡಿಲ್ಲ, ಅದೂ ಹಾಗೇ ಇದೆ. ಕೆಟ್ಟಿರೋದು ಒಟ್ಟಿಗೆ ಸೇರಿದ ಎರಡು ಮಾತ್ರ" ಎಂದು ಅವಳು ಹೇಳಿದಾಗ ನನಗೆ ಅವಳ ಕಾಲಿಗೆ ಬೀಳುವ ಹಾಗಾಯಿತು. ನನ್ನ ಮೊದಲನೆಯ ಡಿಸ್ಕನ್ನು ಒಂಟಿಯಾಗಿ ಸಿಕ್ಕಿಸಿ, ಜೋಡಿ ಇಲ್ಲದಿದ್ದರೂ ಪರವಾಗಿಲ್ಲ, ಓದಲು ಮಾತ್ರ, ಒಂದಕ್ಷರವನ್ನೂ ಬರೆಯಕೂಡದು ಎಂಬ ಆಜ್ಞೆಯೊಡನೆ ತೆರೆದಳು. 'ವಾಲಿ ವಧೆ' ಇತ್ತು. ಬೇರೆ ಗುರುತಿನ ಹೊಸ ಡಿಸ್ಕಿಗೆ ಫೈಲುಗಳನ್ನು ನಕಲು ಮಾಡಿದಳು. ಅದನ್ನು ಆಫ್ ಮಾಡಿ ತೆಗೆದಿಟ್ಟು, ರಾಯರ ಎರಡನೆಯದನ್ನೂ ಅದೇ ರೀತಿ. ಸಂಜೆಯಾಯಿತು. ಕಾಫಿ ಕುಡಿದಳು.

ಈಗ ಕಂಪ್ಯೂಟರ್ ಓದುವವರಿಗೆ ನಾಲ್ಕು ಮಾತು, ಉಳಿದವರು ಈ ಪ್ಯಾರಾ ಹಾರಿಸಬಹುದು. ತದ್ರೂಪು ಎದುರಾದಾಗ ಬೇರೆ ಬೇರೆ ವ್ಯವಸ್ಥೆಗಳು ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. ಎಕ್ಸ್‌ಎಫ್‌ಎಸ್ ಎಂಬುದು ರಾಮನ ಜಾತಿಯದು. ಅದೇ ಗುರುತಿನದು ಒಂದು ಆಗಲೇ ತೆರೆದಿದ್ದರೆ ಎರಡನೆಯದನ್ನು ತೆರೆಯಲು ಒಪ್ಪುವುದೇ ಇಲ್ಲ, ನೀವಾಗಿ ಬಲವಂತ ಮಾಡಿದರೆ ಮಾತ್ರ. ವಿಂಡೋಸ್ ಕೂಡ ಒಂದೇ ಸಹಿಯ ಎರಡು ಡಿಸ್ಕು ಕಂಡರೆ ಎರಡನೆಯದನ್ನು ಆಫ್‌ಲೈನ್ ಮಾಡಿ ಇಡುತ್ತದೆ. ಲಿನಕ್ಸಿನ ಹಳೆಯ ರೇಡ್ ಏರ್ಪಾಡು ಪ್ರತಿ ಡಿಸ್ಕಿನಲ್ಲೂ ಘಟನೆಗಳ ಎಣಿಕೆ ಇಟ್ಟುಕೊಂಡು, ಹಿಂದೆ ಬಿದ್ದದ್ದನ್ನು ಕೂಟದಿಂದ ಹೊರಹಾಕುತ್ತದೆ. ಎಲ್‌ವಿಎಮ್‌ನಲ್ಲಿ ತದ್ರೂಪಿಗೆ ಹೊಸ ಹೆಸರು, ಹೊಸ ಗುರುತು ಕೊಟ್ಟು ಒಳಗೆ ಕರೆದುಕೊಳ್ಳಲೆಂದೇ ಒಂದು ಆಜ್ಞೆಯಿದೆ. ಬಿಟಿಆರ್‌ಎಫ್‌ಎಸ್‌ನಲ್ಲೂ ಡಿಸ್ಕು ತೆರೆದಿರದಾಗ ಗುರುತು ಬದಲಿಸಬಹುದು. ಮೊದಲೆಲ್ಲ ಒಳಗಿನ ವಿವರಪಟ್ಟಿಗಳ ಪ್ರತಿ ಹಾಳೆಯಲ್ಲೂ ತಿದ್ದಬೇಕಿತ್ತು, ದೊಡ್ಡ ಡಿಸ್ಕಿಗೆ ಬಹಳ ಹೊತ್ತು. 2019ರಿಂದ ಪರಿಚಯಪತ್ರದಲ್ಲಿ ಮಾತ್ರ ಬದಲಿಸುವ ಚುರುಕು ದಾರಿಯೂ ಇದೆ. 2024ರ ಜನವರಿಯಲ್ಲಿ ಬಂದ ಲಿನಕ್ಸ್ 6.7ರಲ್ಲಿ ಇನ್ನೊಂದು ಸೇರಿತು. ತದ್ರೂಪು ಎದುರಾದರೆ ಅದಕ್ಕೊಂದು ತಾತ್ಕಾಲಿಕ ಗುರುತು ಕೊಟ್ಟು ಎರಡನ್ನೂ ಒಟ್ಟಿಗೆ ತೆರೆಯುವುದು. ಗಜಪುಷ್ಪಿಯೇ ಅದು! ನಿಮ್ಮಲ್ಲಿ ಆಟದ ಹುಚ್ಚಿರುವವರಿಗೆ ಸ್ಟೀಮ್ ಡೆಕ್ ಗೊತ್ತಲ್ಲ, ಅದರಲ್ಲಿ ಒಂದೇ ವ್ಯವಸ್ಥೆಯ ಎರಡು ಪ್ರತಿ ಒಳಗೇ ಇರುತ್ತವೆ, ಅಂಥದರ ಅಗತ್ಯಕ್ಕೇ ಇದು ಹುಟ್ಟಿದ್ದು. ಆದರೆ ಈ ಹೂಮಾಲೆ ಒಂಟಿ ಡಿಸ್ಕಿನ ಸಂಗ್ರಹಕ್ಕೆ ಮಾತ್ರ. ಎರಡು ಮೂರು ಡಿಸ್ಕಿನ ಕುಟುಂಬಕ್ಕೆ ಇಲ್ಲ. ಯಾವ ಮೊದಲನೆಯವನಿಗೆ ಯಾವ ಎರಡನೆಯವನು ಜೋಡಿ ಎಂದು ಪರಿಚಯಪತ್ರ ಓದಿ ಹೇಳಲು ಯಾರಿಂದಲೂ ಆಗದು, ನಾಲ್ಕೂ ಒಂದೇ ಮಾತು ಹೇಳುತ್ತವಲ್ಲ. ಹಾಗಾಗಿ ನನ್ನಂಥವರು ಮಾಡಬೇಕಾದ್ದು ಇಷ್ಟೇ: ಮೂಲವನ್ನೂ ತದ್ರೂಪನ್ನೂ ಒಂದೇ ಯಂತ್ರಕ್ಕೆ ಒಟ್ಟಿಗೆ ಸಿಕ್ಕಿಸದಿರುವುದು. ಸಿಕ್ಕಿಸಲೇಬೇಕಿದ್ದರೆ ತದ್ರೂಪಿನ ಜೋಡಿಯನ್ನು ಮಾತ್ರ ಹಾಕಿ ಮೊದಲು ಗುರುತು ಬದಲಿಸುವುದು.

ನಾವು ಆ ಗೊಡವೆಗೇ ಹೋಗಲಿಲ್ಲ. ಅಹಮದಾಬಾದಿಗೊಂದು, ಸೂರತ್ತಿಗೊಂದು, ಭಟ್ಟರ ಮೊಮ್ಮಗಳ ಹಟಕ್ಕೆ ವಡೋದರಾಕ್ಕೊಂದು, ಮೂರನ್ನೂ ಬೇರೆ ಬೇರೆಯಾಗಿ ಹೊಸದಾಗಿ ಮಾಡಿ ಫೈಲುಗಳನ್ನಷ್ಟೇ ನಕಲಿಸಿದೆವು. ಮೂರಕ್ಕೂ ಬೇರೆ ಗುರುತು, ಒಳಗಿರುವುದು ಒಂದೇ. ಮನುಷ್ಯರಿಗೆ ಗೊತ್ತಾಗಲೆಂದು ನನ್ನ ಹೆಂಡತಿ ಮೂರಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿದಳು. "ಕಂಪ್ಯೂಟರಿಗೆ ದಾರ ಕಾಣಿಸಲ್ಲ ಕಣೇ" ಎಂದೆ. "ನಿಮಗೆ ಕಾಣಿಸುತ್ತಲ್ಲ, ಎಡವಟ್ಟು ಮಾಡೋದು ನೀವು ತಾನೆ?" ಎಂದಳು.

ಆ ರಾತ್ರಿ ಊಟವಾದ ಮೇಲೆ ಕ್ಯಾಸೆಟ್ಟು ಹಾಕಿದೆವು, ಅಂದರೆ ಕ್ಯಾಸೆಟ್ಟಿನಿಂದ ಇಳಿಸಿದ್ದನ್ನು. ಮೊದಲು ಚೆಂಡೆ, ಭಾಗವತರ ದನಿ, ಯಾರೋ ಕೆಮ್ಮಿದ್ದು. ಆಮೇಲೆ ಭಟ್ಟರು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಿದ್ದಾನೆ, ಎದುರು ನಿಂತು ಹೊಡೆಯದೆ ಮರೆಯಲ್ಲಿ ನಿಂತದ್ದೇಕೆ ಎಂದು. ಅದೇನು ವಾದ, ಅದೇನು ದನಿ. ಹಿಂದೆ ಎಲ್ಲೋ ಒಂದು ಮಗು ಅಳುತ್ತಿತ್ತು. ಯಾರು ಅದು ಎಂದು ಅವಳು ಕೇಳಿದಾಗ ರಾಯರು, "ಇನ್ಯಾರು, ನಿನ್ನ ಚಿಕ್ಕಪ್ಪ. ಅವತ್ತು ಅವನನ್ನು ಎತ್ತಿಕೊಂಡು ಹೊರಗೆ ಓಡಾಡಿದ್ದು ನಾನೇ" ಎಂದರು. ವಾಲಿಯ ಮಾತು ಏರುತ್ತಾ ಹೋಗಿ, ರಾಮ ಉತ್ತರ ಕೊಡಲು ಗಂಟಲು ಸರಿಮಾಡಿಕೊಂಡ ಹೊತ್ತಿಗೆ ಟಕ್ಕೆಂದು ನಿಂತಿತು. ಕ್ಯಾಸೆಟ್ಟಿನ ಒಂದು ಬದಿ ಮುಗಿದಿತ್ತು.

"ಆಮೇಲೆ?" ಎಂದಳು.

"ತಡಿ, ಇನ್ನೊಂದು ಬದಿ ಇದೆ" ಎಂದು ನಾನು ಎರಡನೆಯ ಫೈಲು ಹುಡುಕಲು ಕನ್ನಡಕ ಹಾಕಿಕೊಂಡೆ.